ಗುಂಡಿಗೆ ಇಳಿಸಿದ ದೀಪ

ಗಂಗಹನುಮಯ್ಯ ಸತ್ತದ್ದು ಹಾಡಹಗಲು ಹನ್ನೊಂದು ಗಂಟೆಗೆ. ತುಮಕೂರಿನ ಚಿಕ್ಕಪೇಟೆಯ ಹಿಂದಿನ ಬೀದಿಯಲ್ಲಿ, ವಕೀಲ ಅನಂತರಾಮಯ್ಯನವರ ಹಿತ್ತಲಿನಲ್ಲಿ, ಅವರ ಮನೆಯವರ ಮಲದ ಗುಂಡಿಯಲ್ಲಿ. ಬಿಸಿಲು ಚೆನ್ನಾಗಿತ್ತು. ಮಾಳಿಗೆಯ ಮೇಲೆ ಬೀಗರಿಗೆಂದು ಒತ್ತಿದ ಹಪ್ಪಳ ಒಣಗುತ್ತಿತ್ತು.

ಒಂದು ಲಾಟೀನು ಸಿಕ್ಕಿದ್ದರೆ ಅವನು ಸಾಯುತ್ತಿರಲಿಲ್ಲ. ಲಾಟೀನು ಇತ್ತು. ಕರೆಂಟು ಹೋದಾಗ ಬೇಕಾಗುತ್ತದೆಂದು ಗಾಜು ಒರೆಸಿ ಅಡಿಗೆಮನೆಯ ಹಿಂಬಾಗಿಲ ಮೊಳೆಗೆ ನೇತುಹಾಕಿದ್ದರು. ಗುಂಡಿಯಿಂದ ಅಲ್ಲಿಗೆ ಇಪ್ಪತ್ತು ಹೆಜ್ಜೆ.

ದೀಪ ಇಳಿಸಿ ನೋಡುವುದನ್ನು ಗಂಗಹನುಮಯ್ಯ ಅಪ್ಪನಿಂದ ಕಲಿತಿದ್ದ. ಹೆಬ್ಬೂರಿನ ಕಡೆ ಬೇಸಿಗೆಯಲ್ಲಿ ತೋಟದ ಬಾವಿಗಳ ಹೂಳು ತೆಗೆಸುತ್ತಿದ್ದರು. ಇಳಿಯುವವರು ಇವರ ಹಟ್ಟಿಯವರು. ಇಳಿಯುವ ಮುಂಚೆ ತೋಟದ ಯಜಮಾನನ ಮನೆಯಿಂದ ದೀಪ ಬರುತ್ತಿತ್ತು. ಯಜಮಾನನ ಹೆಂಡತಿ ಅದಕ್ಕೆ ಕುಂಕುಮ ಇಟ್ಟು, ಗಂಗಮ್ಮತಾಯಿ ಎಂದು ಕೈ ಮುಗಿದು, ಬಾವಿಕಟ್ಟೆಯ ಮೇಲಿಟ್ಟು ದೂರ ಸರಿಯುತ್ತಿದ್ದಳು. ದೀಪವನ್ನು ಹಗ್ಗಕ್ಕೆ ಕಟ್ಟಿ ತಳದವರೆಗೆ ಬಿಡುತ್ತಿದ್ದರು. ಉರಿಯುತ್ತಿದ್ದರೆ ಆಳು ಇಳಿಯುತ್ತಿದ್ದ. ಆರಿದರೆ ಆ ದಿನ ಕೆಲಸವಿಲ್ಲ. ಹೊಂಗೆಯ ಕೊಂಬೆ ಕಟ್ಟಿ ಬಾವಿಯೊಳಗೆ ಮೇಲೆ ಕೆಳಗೆ ಆಡಿಸಿ, ಕೆಟ್ಟ ಗಾಳಿ ಹೋದಮೇಲೆ ಮಾರನೆಯ ದಿನ ಮತ್ತೆ ದೀಪ. ಆ ಊರಿನವರು ಇವರನ್ನು ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಆದರೆ ದೀಪ ಕೊಡುತ್ತಿದ್ದರು. ಬಾವಿ ದೇವರು. ದೇವರ ಹೊಟ್ಟೆಯೊಳಕ್ಕೆ ದೀಪ ಹೋಗಬಹುದು.

ಪಟ್ಟಣದ ಗುಂಡಿ ದೇವರಲ್ಲ.

ಊರಿನಲ್ಲಿ ಸತ್ತ ದನ ಹೊರಲಾರೆವು ಎಂದು ಗಂಗಹನುಮಯ್ಯನೂ ಅವನ ಅಣ್ಣ ರಾಮಾಂಜಿನಯ್ಯನೂ ತುಮಕೂರಿಗೆ ಬಂದವರು. ತಾಯಿ ಪುಟ್ಟಗಂಗಮ್ಮನನ್ನು ಕರೆತಂದರು. ಗಂಗಹನುಮಯ್ಯ ಹೆಂಡತಿ ಹನುಮಕ್ಕನನ್ನು ಕರೆತಂದ. ಕೆಲಸ ಕೇಳಿದ ಕಡೆಯಲ್ಲೆಲ್ಲ ಮೊದಲು ಜಾತಿ ಕೇಳಿದರು. ಕೇಳದೆ ಕೊಟ್ಟವನು ಕದರಯ್ಯ ಒಬ್ಬನೇ. ಕೇಳಬೇಕಾಗಿರಲಿಲ್ಲ, ಅವನು ಕೊಡುವ ಕೆಲಸ ಬೇರೆ ಜಾತಿಯವರು ಮಾಡುವುದಿಲ್ಲ. ಮನೆಗಳ ಕಕ್ಕಸ್ಸು ಗುಂಡಿ ತೆಗೆಸುವ ಕಂಟ್ರಾಕ್ಟು ಅವನದು. ಕೆರೆಯ ಕೋಡಿಯ ಆಚೆ ಅವನ ಜಾಗದಲ್ಲಿ ಹನ್ನೆರಡು ತಗಡಿನ ಗುಡಿಸಲು. ಬಾಡಿಗೆ ಕೇಳುತ್ತಿರಲಿಲ್ಲ. ಒಂದೇ ಕಟ್ಟು: ಗುಡಿಸಲಿಗೊಂದಾಳು. ಆಳು ಸತ್ತರೆ, ಬಿದ್ದರೆ, ಅದೇ ಗುಡಿಸಲಿನಿಂದ ಇನ್ನೊಂದು ಆಳು ಬರಬೇಕು. ಇಲ್ಲದಿದ್ದರೆ ತಗಡು ಖಾಲಿ ಮಾಡಬೇಕು. ಊರಿನ ಹೊಲಸು ಬೇಡವೆಂದು ಬಂದವರಿಗೆ ಹೀಗೆ ಪಟ್ಟಣದ ಹೊಲಸು ಸಿಕ್ಕಿತು.

ಮೊದಲು ಇಳಿಯುತ್ತಿದ್ದವನು ರಾಮಾಂಜಿನಯ್ಯ. ಎರಡು ವರ್ಷದ ಹಿಂದೆ ಒಂದು ಛತ್ರದ ಗುಂಡಿಯಲ್ಲಿ ಅವನ ಕಣ್ಣು ಉರಿದು ಊದಿಕೊಂಡವು. ಊತ ಇಳಿಯಿತು, ನೋಟ ಬರಲಿಲ್ಲ. ಈಗ ಅವನಿಗೆ ಮನುಷ್ಯರು ನೆರಳುಗಳ ಹಾಗೆ ಕಾಣುತ್ತಾರೆ. ಅಂದಿನಿಂದ ಗಂಗಹನುಮಯ್ಯ ಇಳಿದ. ಹನುಮಕ್ಕ ಮೇಲೆ ನಿಂತು ಬಕೇಟು ಎಳೆದಳು. ಪುಟ್ಟಗಂಗಮ್ಮ ಹಾಸಿಗೆ ಹಿಡಿದಳು.

ಅವನು ಸತ್ತದ್ದು ಅರವತ್ತೊಂದನೆ ಇಸವಿಯ ಬೇಸಿಗೆಯಲ್ಲಿ. ಆ ಬೀದಿಯಲ್ಲಿ ಚೈನು ಎಳೆದರೆ ನೀರು ಬೀಳುವ ಕಕ್ಕಸ್ಸು ಮೊದಲು ಕಟ್ಟಿಸಿದವರು ವಕೀಲರು. ನೋಡಲು ಜನ ಬರುತ್ತಿದ್ದರು. ವಕೀಲರೇ ಚೈನು ಎಳೆದು ತೋರಿಸುತ್ತಿದ್ದರು. ಇನ್ನು ಮೇಲೆ ತಲೆಯ ಮೇಲೆ ಹೊಲಸು ಹೊರುವ ಅನಿಷ್ಟ ತಪ್ಪಿತು, ಗಾಂಧೀಜಿಯ ಆಸೆ ನೆರವೇರಿತು ಎನ್ನುತ್ತಿದ್ದರು. ನೀರು ಹೊಲಸನ್ನು ಎಲ್ಲಿಗೆ ಒಯ್ಯುತ್ತದೆಂದು ಯಾರೂ ಕೇಳಲಿಲ್ಲ. ಅದು ಹಿತ್ತಲಿನ ಗುಂಡಿಗೆ ಹೋಗುತ್ತಿತ್ತು. ನಾಲ್ಕು ವರ್ಷ ಅಲ್ಲಿ ಕೂತಿತು. ಕೊಳೆತಿತು. ಆಮೇಲೆ ಬಂದ ದಾರಿಯಲ್ಲೇ ವಾಪಸು ಹೊರಟಿತು. ಬಚ್ಚಲಿನಲ್ಲಿ ಕಾಣಿಸಿಕೊಂಡಿತು. ಹೆಣ್ಣು ನೋಡಲು ಬೆಂಗಳೂರಿನಿಂದ ಬೀಗರು ಬರುವುದಕ್ಕೆ ಎರಡೇ ದಿನ ಇತ್ತು.

ಪೈಪಿನ ಕೆಲಸಕ್ಕೆ ಮಕ್ಸೂದ್ ಬಂದ. ನಲ್ಲಿ ರಿಪೇರಿಯವನು. ಗುಂಡಿಯ ಕಲ್ಲು ಸರಿಸಿ ಎರಡು ದಿನ ಬಾಯಿ ತೆರೆದು ಬಿಡಿ, ಆಮೇಲೆ ಆಳು ಇಳಿಸಿ ಎಂದು ಹೇಳಿದ. ಎರಡು ದಿನ ಎಲ್ಲಿದೆ ಎಂದರು ವಕೀಲರು. ಕದರಯ್ಯ ಇವತ್ತೇ ಮುಗಿಸುತ್ತೇನೆ ಎಂದ.

ಬೆಳಗಿನಿಂದ ಮೇಲಿನ ನೀರನ್ನು ಗಂಡಹೆಂಡತಿ ಹಗ್ಗ ಕಟ್ಟಿದ ಬಕೇಟಿನಲ್ಲಿ ಸೇದಿದರು. ಸೇದಿ ಡ್ರಮ್ಮಿನ ಗಾಡಿಗೆ ಸುರಿದರು. ಕೈ, ಮೊಣಕೈ, ಎದೆ, ಎಲ್ಲ ಅದೇ ಆಯಿತು. ಹತ್ತೂವರೆಗೆ ನೀರು ಮುಗಿದು ಕೆಸರು ಸಿಕ್ಕಿತು. ಕೆಸರು ಬಕೇಟಿಗೆ ತಾನಾಗಿ ಬರುವುದಿಲ್ಲ. ಒಬ್ಬ ಇಳಿದು ಸಲಿಕೆಯಲ್ಲಿ ತುಂಬಬೇಕು. ಕದರಯ್ಯ ತರಿಸಿಟ್ಟಿದ್ದ ಕಳ್ಳಭಟ್ಟಿಯನ್ನು ಗಂಗಹನುಮಯ್ಯ ಎರಡು ಗುಟುಕು ಕುಡಿದ. ಅದಿಲ್ಲದೆ ಯಾರೂ ಇಳಿಯುವುದಿಲ್ಲ. ಇಳಿಯುವ ಮುಂಚೆ ದೀಪ ಬೇಕೆಂದ.

ಇವರ ಲಾಟೀನು ಇರಲಿಲ್ಲ. ಹಿಂದಿನ ವಾರ ಹನುಮಕ್ಕ ಬಿಸಿ ಗಾಜಿಗೆ ತಣ್ಣೀರು ತಾಕಿಸಿ ಒಡೆದಿದ್ದಳು. ಆ ತಪ್ಪಿಗೆ ಅವಳೇ ಹಿಂಬಾಗಿಲಿಗೆ ಹೋಗಿ, ಮೆಟ್ಟಿಲಿನಿಂದ ದೂರ ನಿಂತು ಕೇಳಿದಳು.

"ಅಮ್ಮಾವ್ರೇ, ಆ ಲಾಟೀನು ಒಂದ್ಗಳಿಗೆ ಕೊಡಿ. ಗುಂಡಿಗೆ ಬುಟ್ಟು ನೋಡಿ ತಂದ್ಕೊಡ್ತೀನಿ. ಹುಣಸೆಹಣ್ಣಾಕಿ ಬೆಳಗ್ತೀನಿ."

ವಕೀಲರ ಹೆಂಡತಿ ಕಮಲಾಕ್ಷಮ್ಮ ಕೆಟ್ಟವರಲ್ಲ. ಬೆಳಿಗ್ಗೆ ಇಬ್ಬರಿಗೂ ಎಲೆಯ ಮೇಲೆ ಉಪ್ಪಿಟ್ಟು ಇಡಿಸಿದ್ದರು. ಮೆತ್ತಗೇ ಹೇಳಿದರು.

"ದೀಪಾನ ಅಲ್ಲಿಗೆ ಇಳಿಸ್ತಾರೇನೇ ಹನುಮಕ್ಕ? ಸಾಯಂಕಾಲ ಹಚ್ಚಿ ಕೈ ಮುಗಿಯೋ ಅಂಥದ್ದು. ಅಲ್ಲಿಗಿಳಿಸಿ ಮತ್ತೆ ಒಳಗೆ ತಗೊಳ್ಳೋಕಾಗುತ್ತಾ? ಬೇರೆ ಏನಾದ್ರೂ ಕೇಳು, ಕೊಡ್ತೀನಿ."

ಹನುಮಕ್ಕನಿಗೆ ಬೇರೆ ಏನೂ ಬೇಕಿರಲಿಲ್ಲ.

ವಕೀಲರು ಜಗಲಿಯ ಮೇಲೆ ಪೇಪರು ಓದುತ್ತಿದ್ದರು. ಪೇಪರು ಇಳಿಸಿ ಗುಂಡಿಯ ಕಡೆ ನೋಡಿದರು. "ಹಾಡಹಗಲಲ್ಲಿ ದೀಪ ಹಚ್ಕೊಂಡು ಏನು ಹುಡುಕ್ತೀಯೋ? ನಮ್ಮನೇಲಿ ಚಿನ್ನ ತಿನ್ನೋರು ಯಾರೂ ಇಲ್ಲ ಕಣೋ."

ಕದರಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಗಂಗಹನುಮಯ್ಯನೂ ನಕ್ಕ. ನಗಬೇಕಾಗಿತ್ತು.

ನಕ್ಕು ಮುಗಿದ ಮೇಲೆ ಕದರಯ್ಯ ಬೀಡಿ ಹಚ್ಚಿದ. ಆ ಕಡ್ಡಿಯನ್ನೇ ಗುಂಡಿಯೊಳಕ್ಕೆ ಬಿಟ್ಟ. ಕಡ್ಡಿ ಒಂದು ಗೇಣು ಇಳಿಯುವಷ್ಟರಲ್ಲಿ ಆರಿತು.

"ಗಾಳಿ ಕಣ್ಲಾ," ಅಂದ. "ಇಳಿ."

ಹಿತ್ತಲಿನ ನುಗ್ಗೆ ಮರದಲ್ಲಿ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಅದನ್ನು ಅಲ್ಲಿದ್ದವರೆಲ್ಲ ನೋಡಿದರು. ಗಂಗಹನುಮಯ್ಯನೂ ನೋಡಿದ. ನೋಡಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಏಣಿ ಇಳಿದ. ಅವನ ಕಣ್ಣ ಮುಂದೆ ತಗಡಿನ ಗುಡಿಸಲು ಇತ್ತು, ಅದರೊಳಗೆ ಮಲಗಿದ ತಾಯಿ ಇದ್ದಳು, ಕುರುಡಾದ ಅಣ್ಣ ಇದ್ದ. ಇನ್ನೇನು ಮಾಡಬಹುದಾಗಿತ್ತು ಅವನು.

ಮೂರು ಬಕೇಟು ಮೇಲೆ ಬಂತು. ನಾಲ್ಕನೆಯದು ಬರಲಿಲ್ಲ. ಹನುಮಕ್ಕನ ಕೈಯಲ್ಲಿ ಹಗ್ಗ ಸಡಿಲವಾಯಿತು. ಬಗ್ಗಿ ನೋಡಿದಳು. ಗಂಡನ ಬೆನ್ನು ಮಾತ್ರ ಕಂಡಿತು. ಮುಖ ಕೆಸರಿನೊಳಗಿತ್ತು.

ಅವಳು ಕೂಗಿಕೊಂಡಳು. ಕದರಯ್ಯ ಎರಡು ಹೆಜ್ಜೆ ಹಿಂದೆ ಸರಿದ. ವಕೀಲರು ಜಗಲಿಯಿಂದಲೇ, ಯಾರನ್ನಾದರೂ ಕರೆಯೋ ಎಂದರು. ಯಾರನ್ನಾದರೂ ಎಂದರೆ ಯಾರನ್ನು ಎಂದು ಎಲ್ಲರಿಗೂ ಗೊತ್ತಿತ್ತು. ಅವರು ಕೆರೆಕೋಡಿಯ ಆಚೆ ಇದ್ದರು. ಒಂದು ಮೈಲಿ.

ಬಚ್ಚಲ ಕಡೆಯಿಂದ ಮಕ್ಸೂದ್ ಓಡಿಬಂದ. ಹನುಮಕ್ಕ ಏಣಿಗೆ ಕಾಲಿಟ್ಟಿದ್ದಳು. ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದ. ಹಿತ್ತಲಿನ ಬಾವಿಕಟ್ಟೆಯ ಮೇಲೆ ಪಾತಾಳಗರಡಿ ಇತ್ತು, ಬಾವಿಗೆ ಬಿದ್ದ ಬಿಂದಿಗೆ ಎತ್ತುವ ಕೊಕ್ಕೆಗಳ ಗೊಂಚಲು. ಯಾರನ್ನೂ ಕೇಳದೆ ಅದನ್ನು ಗುಂಡಿಗೆ ಬಿಟ್ಟ. ಕೊಕ್ಕೆ ಚಡ್ಡಿಗೆ ಸಿಕ್ಕಿತು, ಹರಿಯಿತು. ಮತ್ತೆ ಬಿಟ್ಟ. ತೋಳಿಗೆ ಸಿಕ್ಕಿತು. ಇಬ್ಬರೂ ಎಳೆದರು. ಹೆಂಡತಿ ಗಂಡನನ್ನು ಬಿಂದಿಗೆಯ ಹಾಗೆ ಎಳೆದಳು.

ಕಮಲಾಕ್ಷಮ್ಮ ಅಳುತ್ತಾ ಕೊಡದ ಮೇಲೆ ಕೊಡ ನೀರು ಸೇದಿ ಎತ್ತರದಿಂದ ಸುರಿದರು. ಮುಖ ಹೊರಬಂತು. ಉಸಿರು ಬರಲಿಲ್ಲ. ಉಡಿದಾರದಲ್ಲಿದ್ದ ಬೆಳ್ಳಿಯ ತಾಯಿತ ಬೆಳಿಗ್ಗೆ ಬೆಳ್ಳಗಿತ್ತು. ಈಗ ಗುಂಡಿಯ ಕೆಟ್ಟ ಗಾಳಿಗೆ ಕಾವಲಿಯ ತಳದಷ್ಟು ಕಪ್ಪಾಗಿತ್ತು.

ಮುಂದಿನ ಬೀದಿಯಲ್ಲಿ ಬೇಡ ಎಂದರು ವಕೀಲರು. ಹೆಣವನ್ನು ಹಿಂದಿನ ಸಂದಿಯಲ್ಲಿ, ಡ್ರಮ್ಮಿನ ಗಾಡಿಯಲ್ಲಿ, ಡ್ರಮ್ಮಿನ ಪಕ್ಕ ಮಲಗಿಸಿ ಒಯ್ದರು. ಆ ಮಧ್ಯಾಹ್ನ ಕದರಯ್ಯ ಗುಡಿಸಲಿಗೆ ಒಂದು ಕಾಗದ ತಂದ. ವಕೀಲರು ಬರೆದದ್ದು ಎಂದು ಓದಿ ಹೇಳಿದ. ಮೃತನಿಗೆ ಮೊದಲಿನಿಂದಲೂ ಎದೆನೋವು ಇತ್ತು, ಕುಡಿದಿದ್ದ, ಯಾರ ಮೇಲೂ ದೂರು ಇಲ್ಲ. ಅಕ್ಷರ ಮುತ್ತಿನ ಹಾಗೆ ಇದ್ದವು. ರಾಮಾಂಜಿನಯ್ಯನಿಗೆ ಕಾಗದವೂ ಕಾಣಲಿಲ್ಲ, ಅಕ್ಷರವೂ ಗೊತ್ತಿರಲಿಲ್ಲ. ಅವನ ಹೆಬ್ಬೆರಳನ್ನು ಕದರಯ್ಯನೇ ಹಿಡಿದು ಒತ್ತಿಸಿದ. ವಕೀಲರ ಹಿತ್ತಲಿನಲ್ಲಿ ಗುಂಡಿಯ ಕಲ್ಲು ಮುಚ್ಚಿ, ಪುರೋಹಿತರನ್ನು ಕರೆಸಿ ಪುಣ್ಯಾಹ ಮಾಡಿಸಿದರು. ಬೀಗರಿಗೆ ಶುಕ್ರವಾರ ಬನ್ನಿ ಎಂದು ತಂತಿ ಹೋಯಿತು. ಪಾತಾಳಗರಡಿಯನ್ನು ಸಂದಿಗೆ ಎಸೆದರು.

ಇವರಲ್ಲಿ ಒಂದು ಪದ್ಧತಿ. ಹೆಣದ ತಲೆ ಇದ್ದ ಜಾಗದಲ್ಲಿ ಹಣತೆ ಹಚ್ಚಿಡುತ್ತಾರೆ. ಹರಳೆಣ್ಣೆಯ ದೀಪ. ಹನ್ನೊಂದು ದಿನ ಆರಬಾರದು. ಆರಿದರೆ ಸತ್ತವನಿಗೆ ದಾರಿ ಕಾಣುವುದಿಲ್ಲ. ಪುಟ್ಟಗಂಗಮ್ಮ ಹಾಸಿಗೆಯನ್ನು ಅದರ ಪಕ್ಕಕ್ಕೆ ಎಳೆಸಿಕೊಂಡಳು. ಏಳಲಾಗದ ಮುದುಕಿಗೆ ಅದೊಂದು ಕೆಲಸ ಸಿಕ್ಕಿತು. ಬೆರಳಲ್ಲಿ ಬತ್ತಿ ದೂಡುವುದು, ಎಣ್ಣೆ ಬಿಡುವುದು.

ಮೂರನೆಯ ದಿನ ಬೆಳಿಗ್ಗೆ ಅವನನ್ನು ಹೂತ ಗುಣಿಗೆ ಹಾಲುತುಪ್ಪ ಬಿಟ್ಟು ಬಂದರೆ ಬಾಗಿಲಲ್ಲಿ ಕದರಯ್ಯ ನಿಂತಿದ್ದ. ಸಾವಿನ ಮಾತು ಎರಡು ಆಡಿದ. ಆಮೇಲೆ ಗುಂಡಿ ಅರ್ಧಕ್ಕೆ ನಿಂತಿದೆ ಎಂದ. ನಾಡಿದ್ದು ಬೀಗರು. ಗುಡಿಸಲಿಗೊಂದಾಳು ಎನ್ನುವುದು ಗೊತ್ತಿರುವ ವಿಷಯ. ರಾಮಾಂಜಿ ಇಳಿಯಲಿ.

"ಕಣ್ಣು ಕಾಣಾಕಿಲ್ಲ ಕದರಣ್ಣ," ಅಂದ ರಾಮಾಂಜಿನಯ್ಯ.

"ಗುಂಡಿಯೊಳಗೆ ಕಣ್ಣು ಯಾಕ್ಲಾ? ಅಲ್ಲಿ ನೋಡಾಕೇನೈತೆ?"

"ಬತ್ತೀನಿ ನಡಿ," ಅಂದ ರಾಮಾಂಜಿನಯ್ಯ. ಮೂಲೆಯಲ್ಲಿ ಸಲಿಕೆಗೆ ಕೈ ತಡವಿದ. ಸಿಕ್ಕಿತು. ಗುಂಡಿಯಿಂದ ಕೊಕ್ಕೆ ಹಾಕಿ ಎತ್ತಿದ್ದ ಅದರ ಮೇಲೆ ತಮ್ಮ ತೋಡುತ್ತಿದ್ದ ಕೆಸರು ಒಣಗಿ ಹಾಗೇ ಇತ್ತು.

ಹನುಮಕ್ಕ ಮದುವೆಯಾದ ಒಂಬತ್ತು ವರ್ಷದಲ್ಲಿ ಭಾವನ ಎದುರು ಮಾತಾಡಿದವಳಲ್ಲ. ಸೆರಗು ಎಳೆದುಕೊಂಡು ಪಕ್ಕಕ್ಕೆ ನಿಲ್ಲುವುದು ರೂಢಿ. ಈಗಲೂ ಅವಳು ಭಾವನಿಗೆ ಏನೂ ಹೇಳಲಿಲ್ಲ. ಅತ್ತೆಯ ಪಕ್ಕ ಕೂತಳು. ಹಣತೆಯನ್ನು ನೋಡಿದಳು. ಮುದುಕಿಗೆ ಅರ್ಥವಾಯಿತು. ಅವಳೂ ಬಾವಿ ಇಳಿಯುವವನ ಹೆಂಡತಿಯಾಗಿದ್ದವಳು. ಬತ್ತಿ ಮುಂದಕ್ಕೆ ದೂಡಿದಳು, ಇದ್ದ ಎಣ್ಣೆಯನ್ನೆಲ್ಲ ಸುರಿದಳು.

"ತಗಂಡೋಗು," ಅಂದಳು. "ಒಬ್ಬ ಸಾಕು."

ಕದರಯ್ಯ ಸೈಕಲ್ಲಿನಲ್ಲಿ ಮುಂದೆ ಹೋದ. ಹನುಮಕ್ಕ ಉರಿಯುವ ಹಣತೆಯನ್ನು ಸೆರಗಿನ ಮರೆಯಲ್ಲಿ ಹಿಡಿದು ನಡೆದಳು. ರಾಮಾಂಜಿನಯ್ಯ ಅವಳ ಹೆಜ್ಜೆಯ ಸಪ್ಪಳ ಹಿಡಿದು ಹಿಂದೆ ಬಂದ. ಬೀದಿಯಲ್ಲಿ ಯಾರೋ ಇವತ್ತು ಯಾವ ಹಬ್ಬನಮ್ಮ ಎಂದು ಕೇಳಿದರು. ಎಣ್ಣೆ ಚೆಲ್ಲಿ ಅಂಗೈ ಸುಟ್ಟಿತು. ಅವಳು ಕೈ ಬದಲಿಸಲಿಲ್ಲ. ಬದಲಿಸಿದರೆ ಗಾಳಿ ತಾಕುತ್ತಿತ್ತು.

ವಕೀಲರ ಹಿತ್ತಲಿನಲ್ಲಿ ಮಕ್ಸೂದ್ ಹೊಸ ಪೈಪು ಜೋಡಿಸುತ್ತಿದ್ದ. ದೀಪ ನೋಡಿ ಎದ್ದು ನಿಂತ. ಕಮಲಾಕ್ಷಮ್ಮ ಹಿಂಬಾಗಿಲಿಗೆ ಬಂದವರು ಹಣತೆ ಕಂಡು, ಸಾವಿನ ದೀಪವನ್ನು ಶುಭಕಾರ್ಯದ ಮನೆಗೆ ತರಬಹುದೇ ಎಂದು ಹೊಸಿಲಿನಿಂದ ಹಿಂದೆ ಸರಿದರು. ಇದೇನು ನಾಟಕ ಎಂದರು ವಕೀಲರು. ಕದರಯ್ಯ ಏನಮ್ಮಿ ಎಂದು ಗದರಿಸಿ ಮುಂದೆ ಬಂದವನು ದೀಪ ಕಿತ್ತುಕೊಳ್ಳಲು ಕೈ ಚಾಚಿದ. ಚಾಚಿದ ಕೈ ಹಾಗೇ ನಿಂತಿತು. ಸತ್ತವನ ದೀಪ. ಅವನಿಗೂ ಭಯವಿತ್ತು.

ರಾಮಾಂಜಿನಯ್ಯ ಹಾರೆ ಹಾಕಿ ಕಲ್ಲು ಎತ್ತಿದ. ವಾಸನೆ ಎದ್ದು ಮುಖಕ್ಕೆ ಹೊಡೆಯಿತು. ಹನುಮಕ್ಕ ಬಕೇಟಿನ ತಳದಲ್ಲಿ ಹಣತೆ ಇಟ್ಟಳು. ಗಂಡ ತುಂಬಿ ಕಳಿಸುತ್ತಿದ್ದ ಅದೇ ಬಕೇಟು. ಮೆಲ್ಲಗೆ ಹಗ್ಗ ಬಿಟ್ಟಳು. ಒಂದು ಮೊಳ. ದೀಪ ನೆಟ್ಟಗೆ ಉರಿಯಿತು. ಎರಡು ಮೊಳ. ಕುಡಿ ಕುಗ್ಗಿತು. ಅವಳಿಗೆ ಆರಬೇಡ ಎನ್ನಿಸಿತು. ಆರಲಿ ಎನ್ನಿಸಿತು. ಮೂರನೆಯ ಮೊಳಕ್ಕೆ ದೀಪ ಆರಿತು.

ಸಣ್ಣ ಹೊಗೆ. ಆಮೇಲೆ ಕತ್ತಲು.

ಕದರಯ್ಯ, "ಗಾಳಿಗೆ..." ಅಂದ.

"ಬಕೇಟಿನೊಳಗೆ ಯಾವ ಗಾಳಿ ಐತೆ? ತೋರ್ಸು," ಅಂದಳು ಹನುಮಕ್ಕ. ಬಕೇಟು ಮೇಲಕ್ಕೆಳೆದು ಅವನ ಕಾಲ ಬಳಿ ಇಟ್ಟಳು. ಆಮೇಲೆ ಜಗಲಿಯ ಕಡೆ ತಿರುಗಿದಳು.

"ಬುದ್ಧಿ, ನನ್ನ ಗಂಡ ಎದೆನೋವಿಂದ ಸತ್ತ ಅಂತ ಬರ್ಕೊಟ್ರಲ್ಲ. ಈ ದೀಪಕ್ಕೂ ಎದೆನೋವಿತ್ತಾ? ಇದೂ ಕುಡಿದಿತ್ತಾ?"

ವಕೀಲರು ಪೇಪರು ಮಡಿಸಿದರು. ಮತ್ತೆ ಬಿಡಿಸಿದರು.

"ನಿಮ್ಮ ಲಾಟೀನು ಮೈಲಿಗೆ ಆಯ್ತದೆ ಅಂದ್ರಿ. ನನ್ನ ಗಂಡನ ದೀಪ ಇಳ್ಸಿದ್ದೀನಿ. ಹನ್ನೊಂದು ದಿನ ಆರಬಾರ್ದಾಗಿತ್ತು ಇದು. ನೀವು ತಿಂದಿದ್ದು ಇಲ್ಲೇ ಐತೆ. ನಿಮ್ಮಲ್ಲಿ ಯಾರಾದ್ರೂ ಇಳೀರಿ, ಹಗ್ಗ ನಾನು ಹಿಡ್ಕತೀನಿ. ನಮ್ಮೋರು ಇಳಿಯಾಕಿಲ್ಲ."

ಕದರಯ್ಯ ಹಾಗಾದರೆ ಗುಡಿಸಲು ಬಿಡಿ ಎಂದ. ಅವಳು ಅವನ ಕಡೆ ತಿರುಗಲಿಲ್ಲ. ಭಾವನ ಕೈಯಿಂದ ಸಲಿಕೆ ತೆಗೆದುಕೊಂಡು ಗುಂಡಿಯೊಳಕ್ಕೆ ಬಿಟ್ಟಳು. ಅದು ಕೆಸರಿಗೆ ಬಿದ್ದ ಸದ್ದು ಬಹಳ ತಡವಾಗಿ ಕೇಳಿಸಿದ ಹಾಗಾಯಿತು. ಬಕೇಟಿನಿಂದ ಆರಿದ ಹಣತೆ ಎತ್ತಿಕೊಂಡಳು.

ಮಕ್ಸೂದ್ ಪಾನಾ, ಹಗ್ಗ, ಸುತ್ತಿಗೆ ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡ. ವಕೀಲರು ನೀನೆಲ್ಲಿಗೋ ಎಂದರು. "ದೀಪ ಆರಿದ್ದು ನಾನೂ ನೋಡಿದೆ ಸ್ವಾಮಿ," ಎಂದಷ್ಟೇ ಹೇಳಿ ಸಂದಿಯ ಬಾಗಿಲಿನಿಂದ ಹೊರಟುಹೋದ.

ಮಧ್ಯಾಹ್ನ ಕದರಯ್ಯನ ಇಬ್ಬರು ಆಳುಗಳು ಗುಡಿಸಲಿಗೆ ಬಂದರು. ಮಡಕೆ ಹೊರಗಿಟ್ಟರು. ಒಡೆಯದ ಹಾಗೆ ಇಟ್ಟರು. ಅವರೂ ಅದೇ ಸಾಲಿನ ಗುಡಿಸಲಿನವರು. ತಲೆ ಎತ್ತಲಿಲ್ಲ. ಪುಟ್ಟಗಂಗಮ್ಮನನ್ನು ಚಾಪೆಯ ಸಮೇತ ಎತ್ತಿ ಹೊಂಗೆ ಮರದ ಕೆಳಗೆ ಮಲಗಿಸಿದರು. ಉಳಿದ ಹನ್ನೊಂದು ಗುಡಿಸಲುಗಳಲ್ಲಿ ಬಾಗಿಲು ಅರ್ಧ ತೆರೆದಿತ್ತು. ಯಾರೂ ಹೊರಗೆ ಬರಲಿಲ್ಲ. ಬಂದರೆ ಹನ್ನೆರಡನೆಯ ಬಾಗಿಲಿನ ಪಕ್ಕ ಹನ್ನೊಂದನೆಯದೂ ಖಾಲಿಯಾಗುತ್ತಿತ್ತು. ಹನುಮಕ್ಕನಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಮೊನ್ನೆ ತನಕ ಅವಳೂ ಅರ್ಧ ಬಾಗಿಲಿನ ಹಿಂದೆ ಇದ್ದವಳೇ.

ದೀಪ ಆರಿತೇ ಎಂದು ಅತ್ತೆ ಕೇಳಿದಳು. ಆರಿತು ಎಂದಳು. ಮುದುಕಿ ಪಕ್ಕದಲ್ಲಿ ಕೂತಿದ್ದ ದೊಡ್ಡ ಮಗನ ಕೈ ಹುಡುಕಿ ಹಿಡಿದುಕೊಂಡಳು. ಎಲ್ಲಿಗೆ ಹೋಗುವುದು ಎಂದು ಮೂವರಲ್ಲಿ ಯಾರೂ ಕೇಳಲಿಲ್ಲ. ಹೆಬ್ಬೂರಿಗೆ ಹೋದರೆ ಸತ್ತ ದನ. ಇಲ್ಲಿದ್ದರೆ ಮರದ ನೆರಳು. ಅದೂ ಕದರಯ್ಯನ ಜಾಗದ್ದೇ.

ನಾಲ್ಕು ಗಂಟೆಗೆ ಕುಣಿಗಲ್ ಬಸ್ಸಿನಲ್ಲಿ ಬೇರೆ ಗಂಡಹೆಂಡತಿ ಇಬ್ಬರು ಬಂದಿಳಿದರು. ಹೆಂಗಸಿನ ತಲೆಯ ಮೇಲೆ ಟ್ರಂಕು, ಗಂಡಸಿನ ಕಂಕುಳಲ್ಲಿ ಮಡಕೆ, ಕೈಯಲ್ಲಿ ಸಲಿಕೆ. ಕದರಯ್ಯ ಹೇಳಿ ಕಳಿಸಿದ್ದ. ಗುಡಿಸಲು ತೋರಿಸಿ, ಸಾಮಾನಿಟ್ಟು ಬನ್ನಿ, ಇವತ್ತೇ ಒಂದು ಗುಂಡಿ ಇದೆ ಎಂದು ರಸ್ತೆಯ ಬಳಿ ಗಾಡಿಯ ಹತ್ತಿರ ನಿಂತ. ಹೆಂಗಸಿಗೆ ಇಪ್ಪತ್ತೆರಡು ಇರಬಹುದು. ಬಾಗಿಲಿಗೆ ಬಂದವಳು ಹೊರಗಿದ್ದ ಮಡಕೆಗಳನ್ನು ನೋಡಿದಳು. ಮರದ ಕೆಳಗಿನ ಮೂವರನ್ನು ನೋಡಿದಳು. ಹನುಮಕ್ಕನ ಖಾಲಿ ಹಣೆ ನೋಡಿದಳು. ಹೊಸಿಲು ದಾಟಲಿಲ್ಲ.

ಹನುಮಕ್ಕ ಎದ್ದು ಹತ್ತಿರ ಹೋದಳು.

"ಲಾಟೀನು ತಂದಿದ್ದೀಯೇನವ್ವ?"

"ಇಲ್ಲ ಕಣಕ್ಕ. ಬಸ್ಸಲ್ಲಿ ಗಾಜು ಒಡೆದೋಯ್ತದೆ ಅಂತ ಅಲ್ಲೇ ಬುಟ್ಟು ಬಂದ್ವಿ."

ಹನುಮಕ್ಕ ಎಲ್ಲ ಹೇಳಿದಳು. ಕಡ್ಡಿ ಆರಿದ್ದು, ಗಾಳಿ ಅಂದದ್ದು, ಕೊಕ್ಕೆ ಹಾಕಿ ಎಳೆದದ್ದು. ಗಂಡಸು ಕೇಳುತ್ತಾ ಕೇಳುತ್ತಾ ಸಲಿಕೆಯ ಹಿಡಿಯನ್ನು ಉಗುರಿನಿಂದ ಕೆರೆಯುತ್ತಿದ್ದ. ಮುಗಿದ ಮೇಲೆ, ನಮಗೂ ತಲೆಯ ಮೇಲೆ ಸೂರಿಲ್ಲ ಎಂದ. ಸುಳ್ಳು ಹೇಳಲಿಲ್ಲ ಅವನು.

ರಸ್ತೆಯಿಂದ ಕದರಯ್ಯ ಕೂಗಿದ. "ಏನ್ಲಾ ಅದು ಮಾತು? ಬಿಸಿಲು ಹೋಗಾಕ್ ಮುಂಚೆ ಮುಗಿಸ್ಬೇಕು, ಬಾ."

ಹನುಮಕ್ಕ ಹಣತೆಯನ್ನು ಮುಂದೆ ಹಿಡಿದಳು. ತಳದಲ್ಲಿ ಇನ್ನೂ ಸ್ವಲ್ಪ ಎಣ್ಣೆ ಇತ್ತು. ಬತ್ತಿಯ ತುದಿ ಕಪ್ಪಗಿತ್ತು. ಸತ್ತವನ ತಲೆದೆಸೆಯ ದೀಪವನ್ನು ಮುತ್ತೈದೆ ಮುಟ್ಟಬಾರದು. ಇಬ್ಬರಿಗೂ ಗೊತ್ತಿತ್ತು. ಹನುಮಕ್ಕ ಬಲವಂತ ಮಾಡಲಿಲ್ಲ. ಕೈ ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಗಂಡಸು ಒಂದು ಹೆಜ್ಜೆ ರಸ್ತೆಯ ಕಡೆ ಇಟ್ಟ. ಅವನ ಹೆಂಡತಿ ಸಲಿಕೆಯ ಹಿಡಿಯನ್ನು ಹಿಡಿದು ನಿಲ್ಲಿಸಿದಳು. ಟ್ರಂಕು ಕೆಳಗಿಟ್ಟಳು. ಎರಡೂ ಕೈ ಚಾಚಿ ಹಣತೆ ತೆಗೆದುಕೊಂಡಳು.

"ಬೆಂಕಿಪೆಟ್ಗೆ ಐತೇನಕ್ಕ?" ಅಂದಳು.